ಹಿಡಿಕೆಯ ಮೇಲಿನ ಭಾರ

ಕೆಳಗೆ ಅಡುಗೆಮನೆಯಲ್ಲಿ ಲುವೆಲ್ಲಾ ಬೇಯಿಸಿದ ಆಲೂಗಡ್ಡೆ ಹೆಚ್ಚುತ್ತಿದ್ದಳು. ಮಹಡಿಯ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಕಪ್ಪು ಟೈ ಕಟ್ಟಿಕೊಳ್ಳುತ್ತಿದ್ದ ನಾರ್ಬರ್ಟ್ ಟೆಬ್ಬೆಗೆ, ಚಾಕು ಹಲಗೆಗೆ ತಾಗುವ ಒಂದೊಂದು ಸದ್ದೂ ತನ್ನನ್ನು ಕುರಿತು ಆಡಿದ ಮಾತಿನಂತೆ ಕೇಳುತ್ತಿತ್ತು. ತನ್ನ ಅಪ್ಪ ತೀರಿಕೊಂಡ ಮೇಲೆ ಅವಳು ಗಂಡನೊಡನೆ ಮಾತು ಬಿಟ್ಟಿರಲಿಲ್ಲ, ಬಿಟ್ಟಿದ್ದರೇ ಚೆನ್ನಾಗಿತ್ತು. ಕಾರಿನ ಬೀಗದ ಕೈ ಎಲ್ಲಿ, ಹೂವಿನವನಿಗೆ ಫೋನು ಮಾಡಿದೆಯಾ, ಬಿಳಿ ಅಂಗಿ ಇಸ್ತ್ರಿಯಾಗಿದೆ ಎಂಬಷ್ಟನ್ನೇ, ಹೋಟೆಲಿನವರು ಗಿರಾಕಿಯೊಡನೆ ಆಡುವಷ್ಟು ಅಚ್ಚುಕಟ್ಟಾಗಿ, ಆಡುತ್ತಿದ್ದಳು. ವಿನೆಗರಿನ ಹುಳಿ ವಾಸನೆ, ಹುರಿದ ಹಂದಿಮಾಂಸದ ಜಿಡ್ಡು ವಾಸನೆ ಒಂದನ್ನೊಂದು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವು. ಈ ಊರಲ್ಲಿ ಯಾರು ಸತ್ತರೂ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಇದೇ ಬಿಸಿ ಆಲೂಗಡ್ಡೆ. ಸತ್ತವರ ಮಗಳು ಅದನ್ನು ತಾನೇ ಮಾಡುವುದಿಲ್ಲ, ನೆರೆಯ ಹೆಂಗಸರು ಮಾಡಿ ತರುತ್ತಾರೆ. ನಿನ್ನೆ ಸಂಜೆ ಹೆಣದ ಕೊನೆಯ ದರ್ಶನಕ್ಕೆ ಬಂದವರಲ್ಲಿ ಒಬ್ಬಳಾದರೂ "ನಾನು ತರ್ತೀನಿ ಬಿಡು" ಅನ್ನಲಿಲ್ಲ. ಲುವೆಲ್ಲಾ ಕಾದಳು. ಕೋಟು ಹಾಕಿಕೊಂಡು ಒಬ್ಬೊಬ್ಬರಾಗಿ ಹೊರಟುಹೋಗುವವರ ಮುಖವನ್ನೇ ನೋಡುತ್ತ ಕಾದಳು. ಕೊನೆಗೆ ಮನೆಗೆ ಬರುವ ದಾರಿಯಲ್ಲಿ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿ, ಇಳಿದುಹೋಗಿ, ಒಂದು ಚೀಲ ಆಲೂಗಡ್ಡೆ ತಂದು ಗಂಡನ ತೊಡೆಯ ಮೇಲಿಟ್ಟಳು. ಅಷ್ಟೇ. ಆ ಚೀಲದ ತಣ್ಣನೆಯ ಭಾರ ತೊಡೆಯ ಮೇಲೆ ಇನ್ನೂ ಇರುವಂತೆ ನಾರ್ಬರ್ಟನಿಗೆ ಅನ್ನಿಸುತ್ತಿತ್ತು.

ಊರಿಗೆ ಊರೇ ಶವಪೆಟ್ಟಿಗೆ ಮಾಡಿ ಬದುಕಿದ್ದು. ಇಂಡಿಯಾನಾದ ಈ ಮೂಲೆಯ ಜರ್ಮನ್ ಕ್ಯಾಥೊಲಿಕರ ಮನೆಗಳಲ್ಲಿ ಬರೀ ಪೆಟ್ಟಿಗೆ ಅಂದರೂ ಅದೇ ಅರ್ಥ. ಮೊಮ್ಮಕ್ಕಳು ಅಜ್ಜನನ್ನು "ನೀನು ಇವತ್ತು ಎಷ್ಟು ಪೆಟ್ಟಿಗೆ ಮಾಡ್ದೆ?" ಎಂದು ಕೇಳುವುದು, ಅಜ್ಜ "ಇಡೀ ಷಿಕಾಗೋನೇ ಹೂಳೋವಷ್ಟು" ಅನ್ನುವುದು, ಅಜ್ಜಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತ ನಗುವುದು, ಇವೆಲ್ಲ ಊಟದ ಮೇಜಿನ ಮಾತು. ನಾರ್ಬರ್ಟನೂ ಹರೆಯದಲ್ಲಿ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಮರ ಉಜ್ಜುವ ಕೆಲಸಕ್ಕೆ ಸೇರಿ, ಸಂಜೆಯ ಕಾಲೇಜು ಮುಗಿಸಿ, ನಿಧಾನವಾಗಿ ಮೇಲೆ ಬಂದು, ಗುಣಮಟ್ಟ ನೋಡಿಕೊಳ್ಳುವ ಯಜಮಾನನಾಗಿದ್ದ. ಆಗ ಖರ್ಚು ಇಳಿಸುವ ಯಜಮಾನ ಬೇರೆ ಇದ್ದ. ಎದುರುಬದುರು ಎರಡು ಕೋಣೆ. ಬಾಗಿಲು ತೆರೆದಿಟ್ಟುಕೊಂಡೇ ಜಗಳ. "ಮೊಳೆ ಮೇಲೂ ಕಣ್ಣಾ ನಿಂಗೆ?" ಎಂದು ನಾರ್ಬರ್ಟ್ ಕೂಗಿದರೆ, ಆ ಕಡೆಯಿಂದ "ಸತ್ತೋನು ಎದ್ದು ಬಂದು ದೂರು ಕೊಟ್ಟಿದ್ದು ನೋಡಿದೀಯಾ?" ಎಂದು ಉತ್ತರ. ಹೀಗೆ ಕೂಗಾಡಿಕೊಂಡು ಇಬ್ಬರೂ ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದರು. ಪೆಟ್ಟಿಗೆಗಳು ಚೆನ್ನಾಗಿಯೇ ಬರುತ್ತಿದ್ದವು. ಖರ್ಚಿನವನು ನಿವೃತ್ತನಾದಾಗ, ಸಿನ್ಸಿನಾಟಿಯ ದೊಡ್ಡ ಕಚೇರಿಯಿಂದ ಬಂದಿದ್ದ ಕ್ರೇನ್ ಎಂಬ ಹೆಂಗಸು, ಇನ್ನು ಮೇಲೆ ಎರಡೂ ಕುರ್ಚಿ ನಿನ್ನದೇ ಅಂದಳು. ಉಳಿತಾಯವೂ ಸುಧಾರಣೆಯೂ ಒಂದೇ ಗಾಡಿಯ ಎರಡು ಚಕ್ರ ಅಂದಳು. ಎದುರು ಕೋಣೆಯಲ್ಲಿ ನಕಲು ತೆಗೆಯುವ ಯಂತ್ರ ಬಂದು ಕೂತಿತು. ಅಂದಿನಿಂದ ಎರಡು ಬಾಗಿಲುಗಳ ನಡುವೆ ನಡೆಯುತ್ತಿದ್ದ ಜಗಳ ನಾರ್ಬರ್ಟನ ತಲೆಯೊಳಗೇ ನಡೆಯತೊಡಗಿತು. ಅಲ್ಲಿ ಬಾಗಿಲುಗಳಿರಲಿಲ್ಲ. ಊಟಕ್ಕೆ ಹೋಗೋಣ ಬಾ ಅನ್ನುವವರೂ ಇರಲಿಲ್ಲ.

"ಒಂಬತ್ತೂವರೆ," ಎಂದಳು ಲುವೆಲ್ಲಾ ಕೆಳಗಿನಿಂದ. ಬಾ ಅನ್ನಲಿಲ್ಲ. ಅವನು ಇಳಿದು ಬಂದಾಗ ಅವಳು ಪಾತ್ರೆಗೆ ಬೆಳ್ಳಿಹಾಳೆ ಹೊದಿಸಿ ಅಂಚುಗಳನ್ನು ಒತ್ತುತ್ತಿದ್ದಳು. ಕಪ್ಪು ಉಡುಪಿನ ಮೇಲೆ ಹಳೆಯ ಏಪ್ರನ್. ಅದನ್ನು ಬಿಚ್ಚಲು ಹಿಂದೆ ಕೈ ಹಾಕಿದಳು, ಗಂಟು ಸಿಗಲಿಲ್ಲ. ಅವನು ಬಿಚ್ಚಲು ಹೋದ. ಅವಳು ಸರಿದು ನಿಂತಳು.

"ನಾನು ಇನ್ನೊಂದ್ಸಲ ಹೇಳ್ತೀನಿ ಲು," ಎಂದ. "ಮಾವ ತಾವೇ ಆ ಪೆಟ್ಟಿಗೆ ಕೇಳಿದ್ದು. ನಾನು ಓಕ್ ಮರದ್ದೇ ಅಂದೆ. ಅವರೇ ಬೇಡ ಅಂದ್ರು."

"ಹೇಳಿದೀಯ."

"ನಂಬಿಕೆ ಇಲ್ಲ ನಿಂಗೆ."

"ಅಪ್ಪ ಹಾಗಂದ್ರು ಅಂತ ನೀನು ಹೇಳ್ತಿದೀಯ. ಆಸ್ಪತ್ರೆ ಕೋಣೇಲಿ ನೀನಿದ್ದೆ, ಅಪ್ಪ ಇದ್ರು. ಅಪ್ಪ ಈಗಿಲ್ಲ." ಗಂಟು ಬಿಚ್ಚಿತು. ಏಪ್ರನ್ನನ್ನು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದಳು. "ಪಾತ್ರೆ ಬಿಸಿ ಇದೆ. ಬಟ್ಟೆ ಹಿಡ್ಕೊಂಡು ಎತ್ತು."

ಕಾರ್ಖಾನೆಯಲ್ಲಿ ದುಡಿದವರು ಸತ್ತರೆ ಪೆಟ್ಟಿಗೆ ಕಾರ್ಖಾನೆಯದೇ. ಯಾವ ಮಾದರಿ ಬೇಕಾದರೂ ಕೇಳಬಹುದು. ಕೇಳುವುದು ಮಾತ್ರ ಓಕ್, ಇಲ್ಲವೇ ತಾಮ್ರದ್ದು. ಬದುಕಿಡೀ ಅಗ್ಗದ ಅಂಗಡಿಯ ಬೂಟು ಹಾಕಿದವನೂ ಕೊನೆಗೆ ರಾಜನ ಹಾಗೆ ಹೋಗುತ್ತಾನೆ, ಅದೇ ಈ ಊರಿನ ಪಿಂಚಣಿ. ಪೆಟ್ಟಿಗೆಗಳಿಗೆ ಬಣ್ಣ ಬಳಿಯುವ ಕೋಣೆಯಲ್ಲಿ ಮೂವತ್ತು ವರ್ಷ ನಿಂತ ಲಿಯಾಂಡರ್ ವೆಸೆಲ್, ನಾರ್ಬರ್ಟನ ಮಾವ, ಕೇಳಿದ್ದು ಅಳಿಯನ ಹೊಸ ಮಾದರಿಯನ್ನು. ಎಲ್ಲಕ್ಕಿಂತ ಅಗ್ಗದ್ದು. ಮೂಗಿಗೆ ನಳಿಗೆ, ಬಾಯಿ ಒಣಗಿ ತುಟಿ ಹಲ್ಲಿಗೆ ಅಂಟಿತ್ತು. ಕಿಟಕಿಯಾಚೆ ಆಸ್ಪತ್ರೆಯ ಹುಲ್ಲು ಕತ್ತರಿಸುತ್ತಿದ್ದವನನ್ನು ನೋಡುತ್ತಲೇ ಮುದುಕ, "ನಿನ್ನ ಹೊಸದು ಇದೆಯಲ್ಲ, ಅದ್ರಲ್ಲೇ ಹಾಕು," ಅಂದಿದ್ದ. ಯಾಕೆ ಮಾವ, ಅಂದರೆ, ಮುಖ ಈ ಕಡೆ ತಿರುಗಿಸಿ, ಬಹಳ ಹೊತ್ತು ಅಳಿಯನನ್ನು ನೋಡಿ, "ನಿನ್ನ ಕೆಲ್ಸ ನಾನು ನೋಡ್ಬೇಕಲ್ಲ," ಅಂದ. ನಕ್ಕನೇ? ನಳಿಗೆ ಮೂಗನ್ನು ಎಳೆದುಕೊಂಡಿದ್ದರಿಂದ ಮುಖ ಹೇಗೂ ನಕ್ಕ ಹಾಗೇ ಇತ್ತು. ಪ್ರೀತಿಯಿಂದ ಅಂದದ್ದೋ, ಇಲ್ಲ ಊರೆಲ್ಲ ಹಿಂದಿನಿಂದ ಆಡುತ್ತಿದ್ದದ್ದನ್ನು ಮುದುಕ ಎದುರಿಗೇ ಆಡಿ ಮುಗಿಸಿದನೋ? ಆ ಒಂದು ಮಾತನ್ನು ನಾರ್ಬರ್ಟ್ ಎಷ್ಟು ಸಲ ತಿರುಗಿಸಿ ನೋಡಿದ್ದನೆಂದರೆ ಈಗ ಅದರ ದನಿಯೇ ಸವೆದು ಹೋಗಿತ್ತು. ಇನ್ನೊಬ್ಬರ ಮುಂದೆ ಹೇಳಿದಾಗಲೆಲ್ಲ ಅದು ತಾನೇ ಕಟ್ಟಿದ ಮಾತಿನಂತೆ ಕೇಳುತ್ತಿತ್ತು. ಊರು ಅದನ್ನು ಹಾಗೇ ಕೇಳಿಸಿಕೊಂಡಿತು. ಕಾರ್ಖಾನೆಗೆ ಒಂದು ಓಕ್ ಪೆಟ್ಟಿಗೆ ಉಳಿಸಲಿಕ್ಕೆ ಸಾಯುತ್ತಿರುವ ಮಾವನ ಬಾಯಿಗೆ ಮಾತು ತುರುಕಿದ, ಎಂದು.

ಹೊಸ ಮಾದರಿ ಕೆಟ್ಟದ್ದಲ್ಲ. ಇದನ್ನು ನಾರ್ಬರ್ಟ್ ದೇವರ ಮುಂದೆ ಬೇಕಾದರೂ ಹೇಳಬಲ್ಲ. ಹಳೆಯದರಲ್ಲಿ ಹೊರುವ ಹಿಡಿಕೆಯ ಒಂದೊಂದು ತೋಳಿಗೂ ಎರಡೆರಡು ಬೋಲ್ಟು, ಒಳಗಡೆ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ. ಹೊಸದರಲ್ಲಿ ಒಂದೇ ಬೋಲ್ಟು, ಪಟ್ಟಿಯ ಬದಲು ಅಗಲದ ವಾಷರ್. ಪೆಟ್ಟಿಗೆಯನ್ನು ಹಿಡಿಕೆಗಳಿಂದಲೇ ತೂಗುಹಾಕಿ, ಒಳಗೆ ಮರಳು ಚೀಲ ತುಂಬಿ, ಒಂದಿಡೀ ದಿನ ಬಿಟ್ಟಿದ್ದ. ಕೂದಲೆಳೆಯಷ್ಟೂ ಜಗ್ಗಲಿಲ್ಲ. ಹಾಗೆ ಉಳಿದ ಹಣವನ್ನು ಕ್ರೇನಳ ಕೈಗೆ ಪೂರ್ತಿ ಕೊಡದೆ, ಕಾಡಿ ಬೇಡಿ, ಬಣ್ಣದ ಕೋಣೆಗೆ ಗಾಳಿ ಎಳೆಯುವ ಹೊಸ ಯಂತ್ರ ಹಾಕಿಸಿದ. ಧೂಳು ಕೂರದ ಬಣ್ಣ. ಮುಚ್ಚಳದಲ್ಲಿ ಮುಖ ಕಾಣುವಷ್ಟು ನುಣುಪು. ಅಲ್ಲಿ ಕೆಲಸ ಮಾಡುವವರು ಸಂಜೆ ಕೆಮ್ಮುವುದೂ ಕಡಿಮೆಯಾಯಿತು. ಇದನ್ನು ಯಾರೂ ಆಡುವುದಿಲ್ಲ. ಹೋದ ಶರತ್ಕಾಲದಲ್ಲಿ ಮಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಲ್ಲಿಗೆ ಕರೆದೊಯ್ದಿದ್ದ. ಮುದುಕ ಒಂದು ಮುಚ್ಚಳದ ಮೇಲೆ ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ನಮ್ ಕಾಲದಲ್ಲಿ ಇದಿರ್ಲಿಲ್ಲ," ಎಂದು ಎರಡು ಸಲ ಅಂದಿದ್ದ. ಹಾಗಾದರೆ ಆಸ್ಪತ್ರೆಯ ಮಾತಿನಲ್ಲಿ ಇದ್ದದ್ದು ಆ ಬೆರಳಿನ ಮೆಚ್ಚುಗೆಯೇ ಇರಬೇಕು. ಇರಬೇಕಲ್ಲವೇ?

ಆದರೆ ಪರೀಕ್ಷೆಯ ಆ ಗುರುವಾರ. ಮರಳು ಚೀಲಗಳು ಅಲುಗದೆ ತೂಗುತ್ತಿದ್ದವು. ನಾರ್ಬರ್ಟ್ ಅವುಗಳ ಕೆಳಗೆ ಕುರ್ಚಿ ಹಾಕಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಆಗ ಚರ್ಚಿನ ಹೊಸ್ತಿಲು ನೆನಪಾಯಿತು. ಈ ಪಂಗಡದವರದು ಒಂದು ಪದ್ಧತಿ. ಹೆಣ ಚರ್ಚಿನಿಂದ ಹೊರಡುವಾಗ ಹೊಸ್ತಿಲ ಮೇಲೆ ಹೊರುವವರು ನಿಂತು, ಬಲಿಪೀಠಕ್ಕೆ ಎದುರಾಗಿ ತಿರುಗಿಸಿ, ಪೆಟ್ಟಿಗೆಯನ್ನು ಮಂಡಿಯವರೆಗೆ ಇಳಿಸಿ ಒಮ್ಮೆಲೇ ಎತ್ತುತ್ತಾರೆ. ಮೂರು ಸಲ. ಸತ್ತವನು ತನ್ನ ದೇವರಿಗೆ ತಾನೇ ಬಾಗಿ ನಮಸ್ಕಾರ ಹೇಳಿ ಹೋಗುವುದು. ಬೇರೆ ಊರಿನವರು ನೋಡಿದರೆ ಹುಬ್ಬೇರಿಸುತ್ತಾರೆ. ಇವರ ಮುತ್ತಜ್ಜಂದಿರು ಜರ್ಮನಿಯ ಯಾವುದೋ ಹಳ್ಳಿಯಿಂದ ಹಡಗಿನಲ್ಲಿ ತಂದ ಅಭ್ಯಾಸ. ಸುಮ್ಮನೆ ತೂಗುವ ಭಾರ ಬೇರೆ, ಇಳಿದು ಒಮ್ಮೆಲೇ ಏಳುವ ಭಾರ ಬೇರೆ. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅದನ್ನು ಪರೀಕ್ಷಿಸಬೇಕಾದರೆ ಬೇರೆ ಚೌಕಟ್ಟು ಕಟ್ಟಬೇಕು, ಇನ್ನೊಂದು ತಿಂಗಳು. ಕ್ರೇನಳಿಗೆ ಮರುದಿನವೇ ಉತ್ತರ ಬೇಕು. ತಲೆಯೊಳಗಿನ ಖರ್ಚಿನವನು ಬಹಳ ನಯವಾಗಿ ಕೇಳಿದ: ದೇಶದಲ್ಲೆಲ್ಲ ಹೋಗುವ ಪೆಟ್ಟಿಗೆ ಇದು, ಟೆಕ್ಸಸ್‌ನಲ್ಲಿ ಯಾರು ಬಾಗುತ್ತಾರೆ, ಒಂದೇ ಒಂದು ಚರ್ಚಿನ ಹೊಸ್ತಿಲಿಗಾಗಿ? ಗುಣಮಟ್ಟದವನು ಏನೋ ಹೇಳಲು ಬಾಯಿ ತೆರೆದ. ನಾರ್ಬರ್ಟ್ ತುತ್ತು ನುಂಗಿದ. ಈ ಊರಿನವರು ಹೇಗಿದ್ದರೂ ಓಕ್ ಮರದ್ದೇ ಕೇಳುತ್ತಾರೆ, ಹಳೆಯ ಹಿಡಿಕೆಯದು. ಇಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ಸಮಾಧಾನ ನಿಜವೇ ಆಗಿತ್ತು, ಮಾವ ಬಾಯಿ ತೆರೆಯುವವರೆಗೆ.

ಕಾರಿನಲ್ಲಿ ಪಾತ್ರೆ ಲುವೆಲ್ಲಾಳ ಮಡಿಲಲ್ಲಿತ್ತು. ಜೋಳದ ಹೊಲಗಳು ಕೊಯ್ಲಾಗಿ ಬೋಳಾಗಿದ್ದವು. ಮೊಂಡು ದಂಟುಗಳ ಸಾಲು ಕಾರಿನ ಜೊತೆಗೇ ತಿರುಗುತ್ತ ಬಂತು. ಅವನಿಗೆ ನಿನ್ನೆ ಸಂಜೆಯ ಹಿಲ್ಡೆಬ್ರಾಂಡ್ ಕಣ್ಣಿಗೆ ಕಟ್ಟಿದ. ಜಿಲ್ಲೆಯ ಅರ್ಧ ಹೆಣಗಳ ಅಂತ್ಯಕ್ರಿಯೆಯ ಏರ್ಪಾಟು ಅವನದೇ. ಅವನು ಯಾವ ಪೆಟ್ಟಿಗೆ ಕೊಳ್ಳುತ್ತಾನೋ ಸುತ್ತಿನ ಉಳಿದವರೂ ಅದನ್ನೇ ಕೊಳ್ಳುತ್ತಾರೆ. ದರ್ಶನದ ಕೋಣೆಯಲ್ಲಿ ಜನ ಕರಗಿದ ಮೇಲೆ ಬಂದು, ಎರಡು ಬೆರಳಿನಿಂದ ಹಿಡಿಕೆಯನ್ನು ಮುಟ್ಟಿ, "ಹಗುರ ಇದೆ," ಅಂದಿದ್ದ.

"ಹಗುರ ಅಂದ್ರೆ ಒಳ್ಳೇದೇ ಅಲ್ವಾ?"

"ಒಳ್ಳೇದೇ. ಹೊರೋವರ್ಗೂ ಒಳ್ಳೇದೇ." ಹಿಲ್ಡೆಬ್ರಾಂಡ್ ಸಣ್ಣಗೆ ನಕ್ಕು, ಹೂಗುಚ್ಛವೊಂದನ್ನು ಅರ್ಧ ಅಂಗುಲ ಸರಿಸಿ, "ನಾಳೆ ನೋಡೋಣ. ನೋಡಿ ಹೇಳ್ತೀನಿ," ಎಂದು ಹೋಗಿದ್ದ. ಆ ಮಾತಿನ ಬೆನ್ನಿಗೇ ಅರ್ಬನ್ ಬಂದ. ಲುವೆಲ್ಲಾಳ ತಮ್ಮ, ಸತ್ತವನ ಒಬ್ಬನೇ ಮಗ, ಜೋಡಣೆಯ ಸಾಲಿನಲ್ಲಿ ಹಿಡಿಕೆ ಬಿಗಿಯುವವನು. ಎರಡು ಬಿಯರ್ ಬಾಟಲಿ ತಂದಿದ್ದ. ಒಂದನ್ನು ಭಾವನ ಕೈಗೆ ಹಿಡಿಸಿದ.

"ಕುಡಿ ಭಾವ. ಇದು ನಿಂದೇ."

"ಏನಿದು ಅರ್ಬನ್?"

"ಒಂದು ಪೆಟ್ಟಿಗೆಗೆ ಎಷ್ಟು ಉಳೀತು ಅಂತ ಶುಕ್ರವಾರದ ಮೀಟಿಂಗಲ್ಲಿ ನೀನೇ ಹೇಳಿದ್ಯಲ್ಲ. ಲೆಕ್ಕ ಹಾಕ್ದೆ. ಸರಿಯಾಗಿ ಒಂದು ಬಿಯರ್ ಆಗತ್ತೆ. ನಮ್ಮಪ್ಪನ ಮೇಲೆ ಉಳಿಸಿದ್ದು, ನೀನು ಕುಡೀದೆ ಇನ್ಯಾರು ಕುಡೀಬೇಕು?" ಗೋಡೆಗೆ ಒರಗಿ ನಿಂತಿದ್ದ ಬಣ್ಣದ ಕೋಣೆಯವರು ಬೂಟಿನ ಕಡೆ ನೋಡುತ್ತ ನಕ್ಕರು. ಅರ್ಬನ್ ನಗಲಿಲ್ಲ. "ಬಿಗಿದಿದ್ದು ನಾನೇ ಗೊತ್ತಾ? ಬೇರೆಯವರಿಗೆ ಬಿಡ್ಲಿಲ್ಲ. ಬಿಗೀತಾ ಇದ್ರೆ ಕೈ ತಾನೇ ಎರಡ್ನೇ ತೂತು ಹುಡುಕ್ತಿತ್ತು. ಇಷ್ಟು ವರ್ಷದ ಕೈ, ಅದಕ್ಕೇನು ಗೊತ್ತು ಪಾಪ."

ಬಾಟಲಿ ತಣ್ಣಗಿತ್ತು. ಇಡಲಿಕ್ಕೆ ಜಾಗ ಕಾಣದೆ, ಕುಡಿಯಲಿಕ್ಕೂ ಆಗದೆ, ಮಾವನ ತಲೆಯ ಬಳಿ ಅದನ್ನು ಹಿಡಿದುಕೊಂಡೇ ನಾರ್ಬರ್ಟ್ ಜಪಮಾಲೆಯ ಪ್ರಾರ್ಥನೆ ಮುಗಿಯುವವರೆಗೆ ನಿಂತ. ಬಂದವರೆಲ್ಲ ನೋಡಿದರು, ಅಳಿಯ ಹೆಣದ ಮುಂದೆ ಬಿಯರ್ ಹಿಡಿದು ನಿಂತಿದ್ದಾನೆಂದು. ಲುವೆಲ್ಲಾ ಕೂಡ.

ಚರ್ಚಿನ ಬಾಗಿಲಲ್ಲಿ ಪಾದ್ರಿ ಕೆಸ್ಲರ್ ಪೆಟ್ಟಿಗೆಗೆ ತೀರ್ಥ ಚಿಮುಕಿಸಿ ಬಿಳಿಯ ಬಟ್ಟೆ ಹೊದಿಸಿದರು. ನೆಲ ಮುಟ್ಟುವಷ್ಟು ಉದ್ದದ ಬಟ್ಟೆ. ಓಕ್, ತಾಮ್ರ, ಅಗ್ಗದ ತಗಡು, ಯಾವುದಿದ್ದರೂ ಅದರ ಕೆಳಗೆ ಒಂದೇ. ಹಿಡಿಕೆಗಳು ಮರೆಯಾದವು. ನಾರ್ಬರ್ಟನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು. ಪೂಜೆ ಮುಗಿಯದೇ ಇರಲಿ, ಈ ಬಟ್ಟೆ ಹೀಗೇ ಇರಲಿ ಎಂದು ಬೇಡಿಕೊಂಡ. ಹಾಗೆ ಬೇಡಿಕೊಳ್ಳುವುದು ಪ್ರಾರ್ಥನೆಯಾಗುತ್ತದೆಯೋ ಇಲ್ಲವೋ ತಿಳಿಯದೆ ತಲೆ ತಗ್ಗಿಸಿದ. ಪಾದ್ರಿ ಮೆಲ್ಲಗೆ, ನೆಗಡಿಯಾದ ದನಿಯಲ್ಲಿ, ಲಿಯಾಂಡರ್ ಸಾವಿರಾರು ಅಪರಿಚಿತರಿಗೆ ಕೊನೆಯ ಅಂಗಿ ತೊಡಿಸಿದವನು ಎಂದು ಹೇಳುತ್ತಿದ್ದರು. ನೋಡುವವರಿರುವುದು ಮೂರು ದಿನ, ಆಮೇಲೆ ಮಣ್ಣು. ಆದರೂ ಆತ ಬಣ್ಣ ಬಳಿದ, ಮಣ್ಣಿನೊಳಗೂ ನೋಡುವ ಒಬ್ಬನಿದ್ದಾನೆಂದು. ಹಿಂದಿನ ಬೆಂಚಿನಲ್ಲಿ ಕೆಮ್ಮಿದವರು ಬೇಕೆಂದೇ ಕೆಮ್ಮಿದರೋ, ಏನೋ.  ಈ ಬೆಂಚುಗಳಲ್ಲಿ ಕೂತವರಲ್ಲಿ ಅರ್ಧ ಜನರ ಕೆಲಸ ಉಳಿದದ್ದು ಆ ಒಂದು ಬೋಲ್ಟಿನಿಂದ ಎಂದು ಎದ್ದು ನಿಂತು ಕೂಗಬೇಕು ಅನ್ನಿಸಿತು ನಾರ್ಬರ್ಟನಿಗೆ. ಜೋಡಣೆಯ ಸಾಲನ್ನೇ ಮೆಕ್ಸಿಕೋಗೆ ಎತ್ತಿಕೊಂಡು ಹೋಗುವ ಮಾತು ಕ್ರೇನಳ ಬಾಯಿಂದ ಎರಡು ಸಲ ಬಂದಿತ್ತು. ಅದನ್ನು ನುಂಗಿಕೊಂಡವನು ತಾನು. ಹೇಳಿದ್ದರೆ ಹೆದರಿಸುತ್ತಾನೆ ಅನ್ನುತ್ತಿದ್ದರು, ಹೇಳದ್ದಕ್ಕೆ ಜಿಪುಣ ಅನ್ನುತ್ತಾರೆ. ಪ್ರಸಾದ ತೆಗೆದುಕೊಳ್ಳಲು ಸಾಲು ಹೊರಟಾಗ ಅವನ ಮುಂದಿದ್ದವನು ಬೇಕಾದ್ದಕ್ಕಿಂತ ದೂರ ಬಿಟ್ಟು ನಡೆದ. ನಾಲಗೆಯ ಮೇಲೆ ರೊಟ್ಟಿ ಕರಗಲಿಲ್ಲ. ಅಂಗುಳಿಗೆ ಅಂಟಿ ಕೂತಿತು. ನುಂಗಲು ಹೋದಾಗ ಆ ಗುರುವಾರದ ತುತ್ತಿನ ರುಚಿ ಬಾಯಿಗೆ ಬಂತು.

ಧೂಪ ಹಾಕಿದ್ದಾಯಿತು. ಗಾಲಿಯ ಚೌಕಟ್ಟಿನ ಮೇಲೆ ಪೆಟ್ಟಿಗೆ ಬಾಗಿಲವರೆಗೆ ಉರುಳಿತು. ಹಿಲ್ಡೆಬ್ರಾಂಡ್ ಮತ್ತು ಅವನ ಜೊತೆಗಾರ ಬಿಳಿಯ ಬಟ್ಟೆಯನ್ನು ಎರಡು ತುದಿಯಿಂದ ಮಡಿಸುತ್ತ ಮಡಿಸುತ್ತ ತೆಗೆದುಬಿಟ್ಟರು. ಬೂದುಬಣ್ಣದ ಮುಚ್ಚಳ ಬಾಗಿಲ ಬೆಳಕಿಗೆ ಥಳಥಳಿಸಿತು, ಒಂದು ಚುಕ್ಕೆಯಿಲ್ಲ. ಆರು ಜನ ತೆಳ್ಳನೆಯ ಬೂದು ಕೈಗವಸು ಏರಿಸಿಕೊಂಡರು. ಮುಂದೆ, ನಡುವೆ ಬಣ್ಣದ ಕೋಣೆಯ ನಾಲ್ವರು. ಹಿಂದಿನ ತುದಿಯಲ್ಲಿ ಎಡಕ್ಕೆ ಅರ್ಬನ್, ಬಲಕ್ಕೆ ನಾರ್ಬರ್ಟ್. ನಡುವೆ ಲಿಯಾಂಡರ್. ನಾರ್ಬರ್ಟನ ಬೆನ್ನಿಗೆ ಒಂದು ಮಾರು ದೂರದಲ್ಲಿ ಲುವೆಲ್ಲಾ, ಅವಳ ಹಿಂದೆ ಊರು. ಉಳಿದ ಐದು ಜನ ಹಿಡಿಕೆ ಮುಟ್ಟುವುದಿಲ್ಲ, ಊರೆದುರಿಗೆ ತಳಕ್ಕೆ ಕೈ ಕೊಟ್ಟು ಎತ್ತಿ ತನ್ನ ಮರ್ಯಾದೆ ಕಳೆಯುತ್ತಾರೆ ಎಂದು ಮೂರು ದಿನದಿಂದ ಅಂದುಕೊಂಡು ಅದಕ್ಕೆ ಸಿದ್ಧನಾಗಿದ್ದ. ಹಾಗಾಗಲಿಲ್ಲ. ಐದೂ ಜನ ಹಿಡಿಕೆಯನ್ನೇ ಹಿಡಿದರು, ಒತ್ತಿ, ಬೆರಳು ಬಿಗಿದು.

"ತಳ ಬೇಡ ಅಲ್ವಾ ಭಾವ?" ಎಂದ ಅರ್ಬನ್, ಪಿಸುದನಿಯಲ್ಲಿ, ಪೆಟ್ಟಿಗೆಯ ಆಚೆಯಿಂದ. "ಹಿಡಿಕೆ ಇರೋದೇ ಹಿಡಿಯೋಕೆ. ಹೊಸ ಮಾದರಿ ಕಾಗದದಲ್ಲಿ ನೀನೇ ಬರ್ದಿದೀಯ."

"ಹಿಡಿಕೇನೇ ಹಿಡಿ."

"ನೀನ್ ಹೇಳ್ದಂಗೆ."

ಗಾಲಿ ಸರಿಯಿತು. ಭಾರ ಆರು ಕೈಗಳಿಗೆ ಬಂತು. ಕೂತಿತು, ಅಲುಗಲಿಲ್ಲ. ಹೊಸ್ತಿಲಲ್ಲಿ ಮೆಲ್ಲನೆ ತಿರುಗಿದರು. ಉದ್ದಕ್ಕೂ ಬೆಂಚುಗಳು, ಕೊನೆಯಲ್ಲಿ ಬಲಿಪೀಠದ ಕೆಂಪು ದೀಪ. ಬೆನ್ನ ಹಿಂದೆ ತೆರೆದ ಬಾಗಿಲು, ಕಲ್ಲಿನ ಮೆಟ್ಟಿಲು, ನವೆಂಬರಿನ ಗಾಳಿ. ಪಾದ್ರಿ ತೀರ್ಥದ ಕುಂಚ ಎತ್ತಿದೊಡನೆ ಆರೂ ಜನ ಪೆಟ್ಟಿಗೆಯನ್ನು ಇಳಿಸಿದರು. ಮಂಡಿಯವರೆಗೆ. ಎತ್ತಿದರು. ನಾರ್ಬರ್ಟ್ ಹುಡುಗನಾಗಿದ್ದಾಗಿನಿಂದ ಎಷ್ಟೋ ಸಲ ಹೀಗೆ ಬಾಗಿಸಿದ್ದ, ತನ್ನ ತಂದೆಯನ್ನೂ; ಗಾಳಿಯಲ್ಲಿ ದೋಣಿ ಏಳುವ ಹಾಗೆ ಹಗುರಾಗಿ ಏಳುವುದು ಅದರ ಚಂದ. ಈ ಸಲ ಐವರೂ ಒಂದೇ ಏಟಿಗೆ ಮೇಲೆ ಎಳೆದರು. ಬೇಕೆಂದೇ ಎಳೆದರು. ಅರ್ಬನ್‌ನ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ, ಬಲಿಪೀಠದ ಮೇಲಿರಲಿಲ್ಲ. ಭಾವನ ಮುಖದ ಮೇಲೆ ನೆಟ್ಟಿತ್ತು. ಆಗ ನಾರ್ಬರ್ಟನಿಗೆ ಅರ್ಥವಾಯಿತು, ಇವನು ಕಾಯುತ್ತಿದ್ದಾನೆ. ತನ್ನ ಹೆತ್ತಪ್ಪನ ಪೆಟ್ಟಿಗೆ ಕಲ್ಲಿನ ಮೇಲೆ ಬಿದ್ದು ಬಾಯಿ ಬಿಟ್ಟರೂ ಸರಿ, ಹಿಡಿಕೆ ಕಿತ್ತುಬರುವುದು ಇವನಿಗೆ ಕಾಣಬೇಕು. ದ್ವೇಷ ಇಷ್ಟು ಸ್ವಚ್ಛವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅದರಲ್ಲಿ ಒಂದು ಚುಕ್ಕೆ ಧೂಳಿರಲಿಲ್ಲ.

ಎರಡನೆಯ ಸಲ ಇಳಿಸಿದರು. ಎತ್ತುವ ಆ ಗಳಿಗೆಯಲ್ಲಿ ನಾರ್ಬರ್ಟನ ಎಡಗೈಯೊಳಗೆ ಟಕ್ ಎಂದು ಸಣ್ಣದೊಂದು ಮಿಡಿತವಾಯಿತು. ಬೋಲ್ಟು ಜಾರಿತೋ, ತಗಡು ಕೂತುಕೊಂಡಿತೋ, ಕೈಗವಸಿನೊಳಗಿನ ಮದುವೆಯ ಉಂಗುರ ಹಿಡಿಕೆಗೆ ತಾಗಿತೋ. ತಲೆಯೊಳಗಿನ ಇಬ್ಬರು ಯಜಮಾನರೂ ಒಟ್ಟಿಗೆ ಎದ್ದು ನಿಂತರು. ಉಂಗುರವೇ, ಎಂದ ಒಬ್ಬ; ಇಡೀ ದಿನ ತೂಗಿ ನೋಡಿದವನಲ್ಲವೇ ನೀನು, ಇನ್ನೊಂದೇ ಒಂದು ಸಲ, ಅದು ತಾಳುತ್ತದೆ, ತಾಳಿದರೆ ಹಿಲ್ಡೆಬ್ರಾಂಡ್ ನಿನ್ನ ಕೈ ಕುಲುಕುತ್ತಾನೆ, ಅರ್ಬನ್ ಬಾಯಿ ಮುಚ್ಚುತ್ತಾನೆ, ನಿನ್ನ ಹೆಂಡತಿ ಆಸ್ಪತ್ರೆಯ ಮಾತನ್ನು ನಂಬುತ್ತಾಳೆ, ಸುಮ್ಮನೆ ಎತ್ತು.  ಇನ್ನೊಬ್ಬ, ಗುಣಮಟ್ಟದವನು, ಪೆಟ್ಟಿಗೆಯೊಳಗೆ ಮಲಗಿದ್ದ ಮುದುಕನ ಕಡೆ ತೋರಿಸಿದ, ಅಷ್ಟೇ: ಮಡಿಸಿದ ಕೈ, ಬೆರಳುಗಳ ನಡುವೆ ಜಪಮಾಲೆ, ಬದಿಗೆ ಬಾಚಿದ ನೆರೆಕೂದಲು. ಪಾದ್ರಿ ಮೂರನೆಯದಕ್ಕೆ ಕುಂಚ ಎತ್ತಿದರು. ಆರು ಜೊತೆ ಮಂಡಿ ಬಾಗಲು ತೊಡಗಿದವು.

"ಸಾಕು," ಎಂದ ನಾರ್ಬರ್ಟ್.

ಅದು ಇಷ್ಟು ಜೋರಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಕಮಾನಿನ ತುದಿಯವರೆಗೆ ಹೋಗಿ ಮರಳಿ ಬಂತು. ಮಂಡಿಗಳು ಅರ್ಧದಲ್ಲೇ ನಿಂತವು.

"ಇನ್ನೊಂದಿದೆ ಭಾವ," ಎಂದ ಅರ್ಬನ್. ಈಗ ಅವನದು ಪಿಸುದನಿಯಲ್ಲ. "ಅಪ್ಪನ ನಮಸ್ಕಾರ ಇನ್ನೊಂದು ಬಾಕಿ ಇದೆ."

"ಸಾಕು ಅಂದ್ನಲ್ಲ. ಹಿಡಿಕೆ ಬಿಡ್ರೋ. ಒಬ್ಬೊಬ್ರಾಗಿ, ನಿಧಾನ. ಕೆಳಗೆ ಕೈ ಕೊಡಿ. ತಳಕ್ಕೆ ಕೈ ಕೊಡಿ ಎಲ್ರೂ!"

ಅವನೇ ಮೊದಲು ಬಗ್ಗಿ ಬಲಗೈಯನ್ನು ಪೆಟ್ಟಿಗೆಯ ಅಡಿಗೆ ತೂರಿಸಿದ, ಆಮೇಲೆ ಎಡಗೈಯನ್ನು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಬನ್‌ನ ಮುಖದಲ್ಲಿ ಅವನು ಗೆಲುವನ್ನು ಹುಡುಕಿದ. ಅಲ್ಲಿ ಇದ್ದದ್ದು ಹೆದರಿಕೆ. ತಾನು ಏನು ಮಾಡಲು ಹೊರಟಿದ್ದೆನೆಂದು ಈಗಷ್ಟೇ ಕಂಡವನ, ಬಾಯಿ ಒಣಗಿದ ಹೆದರಿಕೆ. ಅವನ ಎರಡೂ ಕೈ ಸರಸರನೆ ಅಡಿಗೆ ಬಂದವು, ಕತ್ತಲಲ್ಲಿ ನಾರ್ಬರ್ಟನ ಬೆರಳಿಗೆ ತಾಗಿದವು, ಸರಿಯಲಿಲ್ಲ. ಉಳಿದ ನಾಲ್ವರ ಕೈಗಳೂ ಬಂದವು. ಹಿಡಿಕೆಗಳು ಎರಡೂ ಬದಿಯಲ್ಲಿ, ಯಾರೂ ಮುಟ್ಟದೆ, ಹೊಳೆಯುತ್ತ, ನೆಟ್ಟಗೆ ಇದ್ದವು. ಒಂದೂ ಕಿತ್ತಿರಲಿಲ್ಲ, ಒಂದೂ ಬಾಗಿರಲಿಲ್ಲ. ತಾಳುತ್ತಿತ್ತೋ ಇಲ್ಲವೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಹಿಲ್ಡೆಬ್ರಾಂಡ್ ಮಡಿಸಿದ ಬಿಳಿಯ ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದ. ಉತ್ತರ ಸಿಕ್ಕವನು ನೋಡುವ ಹಾಗೆ. ಪಾದ್ರಿ ಕೆಸ್ಲರರ ಕೈ ಇನ್ನೂ ಮೇಲೇ ಇತ್ತು. ಆ ಮೂರನೆಯ ನಮಸ್ಕಾರಕ್ಕೆಂದು ಅದ್ದಿದ ತೀರ್ಥ ಕುಂಚದಿಂದ ತೊಟ್ಟಿಕ್ಕಿ ಅವರ ಬೂಟಿನ ಮೇಲೆ ಬೀಳುತ್ತಿತ್ತು.

ತಳಕ್ಕೆ ಕೈ ಕೊಟ್ಟೇ ಪೆಟ್ಟಿಗೆಯನ್ನು ಮತ್ತೆ ಬಾಗಿಲ ಕಡೆಗೆ ತಿರುಗಿಸಿದರು. ಬೆನ್ನ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಲುವೆಲ್ಲಾ ಹತ್ತಿರ ಬಂದಿದ್ದಳು. ಅವಳ ಬಿಸಿಯುಸಿರು, ವಿನೆಗರಿನ ವಾಸನೆಯ ಕೈ, ಅವನ ಕತ್ತಿನ ಪಕ್ಕಕ್ಕೆ ಬಂದವು. ಹೆಗಲ ಮೇಲೆ ಕೈ ಇಡುತ್ತಾಳೆ ಅಂದುಕೊಂಡ.

"ಹಾಗಾದ್ರೆ ಗೊತ್ತಿತ್ತು ನಿಂಗೆ," ಎಂದಳು.

ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಮೂರು ದಿನದಲ್ಲಿ ಮೊದಲ ಸಲ ಹೆಂಡತಿಯ ದನಿಯಲ್ಲಿ. ಗೊತ್ತಿರಲಿಲ್ಲ ಲು, ಹಿಡಿಕೆ ತಾಳುತ್ತದೋ ಇಲ್ಲವೋ ನನಗೆ ಗೊತ್ತಾಗಲಿಲ್ಲ, ನಿನ್ನ ಅಪ್ಪ ನಿಜವಾಗಿಯೂ ಕೇಳಿದರು, ಎನ್ನಲು ಬಾಯಿ ತೆರೆದ. ತಿರುಗಿ ಅವಳ ಮುಖ ನೋಡಿ ಹೇಳಬೇಕಾದ ಮಾತು ಅದು. ಎರಡೂ ಕೈ ಮಾವನ ಕೆಳಗಿದ್ದವು. ಮುಂದಿನವರು ಆಗಲೇ ಮೊದಲ ಮೆಟ್ಟಿಲಿಗೆ ಕಾಲು ಇಳಿಸಿದ್ದರು, ಭಾರವೆಲ್ಲ ಆ ಕಡೆಗೆ ವಾಲುತ್ತಿತ್ತು. ಅವನೂ ಇಳಿದ.